ಯಾವ ದುರ್ಗ?

ಬರಹದ ತಾತನ ಬಲಗೈಯ ಮೂರು ಬೆರಳು ಯಾವಾಗಲೂ ನೇರಳೆ ಬಣ್ಣಕ್ಕೇ ಇರುತ್ತಿದ್ದವು. ಅಕ್ಷರ ಬಾರದವರ ಎಡಗೈ ಹೆಬ್ಬೆಟ್ಟು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಹೊರಳಿಸಿ ಎತ್ತುವ ಕೆಲಸ ಅವರದು. ಐವತ್ತು ವರ್ಷಕ್ಕೂ ಮೀರಿ ಹಾಗೆ ಪರರ ಹೆಬ್ಬೆಟ್ಟು ಹಿಡಿದದ್ದಕ್ಕೆ ಬಣ್ಣ ಉಗುರಿನ ಸಂದಿಗೆ, ಚರ್ಮದ ಗೆರೆಗೆ ಇಳಿದುಹೋಗಿತ್ತು. ನಿಂಬೆಹುಳಿ, ಸೀಮೆಎಣ್ಣೆ, ಸೋಪಿನಪುಡಿ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಮೊಸರನ್ನ ಕಲಸುವಾಗ ಆ ಬೆರಳು ನೋಡಿ ಮೊದಮೊದಲು ನನಗೆ ಹೇಸಿಗೆಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮುಖ ತಿರುಗಿಸಿಕೊಂಡೇ ಉಣ್ಣುತ್ತಿದ್ದೆ.

ರಾಯದುರ್ಗದ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ದಸ್ತಾವೇಜು ಬರೆಯುವವರ ತಗಡಿನ ಶೆಡ್ಡುಗಳಿವೆ. ಮೂರನೆಯ ಶೆಡ್ಡು ತಾತನದು. ಕ್ರಯಪತ್ರ, ಪಾಲುಪತ್ರ, ದಾನಪತ್ರ ಏನೇ ಬರೆಸಬೇಕಾದರೂ ಬೊಮ್ಮನಹಾಳ್, ಬೆಳುಗುಪ್ಪ ಕಡೆಯ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವರನ್ನೇ. ನಾನು ಮಡಕಶಿರಾ ಕಡೆಯವಳು, ಅಮರಾಪುರದ ಪಕ್ಕದ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್. ಊರು ಸೇರಿದ್ದು ಆಂಧ್ರಕ್ಕೆ; ಇಲ್ಲಿ ಆಡುವ ಮಾತು ಕನ್ನಡ, ದಸ್ತಾವೇಜು ಮಾತ್ರ ತೆಲುಗು. ಕೈಬರಹ ಹೋಗಿ ಕಂಪ್ಯೂಟರ್ ಬಂದಾಗ ತಾತನಿಗೆ ತೆಲುಗು ಟೈಪ್ ಮಾಡುವವರು ಬೇಕಾದರು. ನಾನು ಹೋಗಿ ಕೂತೆ.

ಮೊದಲ ದಿನ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಯಾವೂರವ್ವಾ ನಿಂದು?"

"ಅಮರಾಪುರದತ್ರ ತಾತ. ಇಲ್ಲಿಗೇ ಕೊಟ್ಟವ್ರೆ, ದುರ್ಗಕ್ಕೆ."

"ಯಾವ ದುರ್ಗ?"

ರಾಯದುರ್ಗದ ನಟ್ಟನಡುವೆ ಕೂತು ಯಾವ ದುರ್ಗ ಅಂತ ಕೇಳುವ ಮುದುಕನಿಗೆ ಏನು ಹೇಳುವುದು? ತಲೆ ಸಡಿಲ ಅಂದುಕೊಂಡೆ. "ಇದೇ ತಾತ, ನಾವು ಕೂತಿರೋ ದುರ್ಗ" ಅಂದೆ.

"ಹಂಗಂದ್ರ ಆಗಂಗಿಲ್ಲವ್ವಾ. ಪೂರ್ತಿ ಹೇಳಬೇಕು."

ನಗಲಿಲ್ಲ, ಗದರಲಿಲ್ಲ. ನನ್ನ ಬಾಯಲ್ಲಿ "ರಾಯದುರ್ಗ" ಅಂತ ಬರುವ ತನಕ ಬಿಡಲೂ ಇಲ್ಲ.

ನಮ್ಮ ಸೀಮೆಯಲ್ಲಿ ದುರ್ಗ ಮೂರು. ಇದು ರಾಯದುರ್ಗ, ಮೂಡಲಿಗೆ ಕಲ್ಯಾಣದುರ್ಗ, ಪಡುವಲಿಗೆ ಕರ್ನಾಟಕದ ಚಿತ್ರದುರ್ಗ. ಮೂರೂ ಊರಿನವರು ತಮ್ಮೂರನ್ನು ಬರೀ ದುರ್ಗ ಅಂದುಬಿಡುತ್ತಾರೆ, ಉಳಿದೆರಡು ಇಲ್ಲವೇ ಇಲ್ಲ ಅನ್ನುವ ಹಾಗೆ. ಅದು ಎಲ್ಲರಿಗೂ ಗೊತ್ತು, ಯಾರಿಗೂ ತೊಂದರೆಯಿಲ್ಲ. ತಾತನಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ತಡೆಯಲಾಗುತ್ತಿರಲಿಲ್ಲ. ಚಹಾದವನು "ದುರ್ಗದ ಬಸ್ಸು ಹೋಯ್ತೇನ್ರಿ?" ಅಂತ ಯಾರನ್ನೋ ಕೇಳಿದರೆ, ಒಳಗಿನಿಂದ ಇವರ ದನಿ ಬರುತ್ತಿತ್ತು: "ಯಾವ ದುರ್ಗ?" ಅವರ ಕೊಡೆಯ ಹಿಡಿಕೆಗೆ ಬಿಳಿ ಪಟ್ಟಿ ಅಂಟಿಸಿ, ರಾಯದುರ್ಗ ಪಟ್ಟಣ, ರಾಯದುರ್ಗ ಮಂಡಲ, ಅನಂತಪುರ ಜಿಲ್ಲೆ, ಆಂಧ್ರಪ್ರದೇಶ ಅಂತ ಇಷ್ಟುದ್ದ ಬರೆದಿತ್ತು. ಪಕ್ಕದ ಶೆಡ್ಡಿನವರು ಛೇಡಿಸುತ್ತಿದ್ದರು, "ತಾತಾರ ಕೊಡಿ ಲಂಡನ್‌ದಾಗ ಕಳದ್ರೂ ತಾನಾ ಬಸ್ ಹತ್ತಿ ಬರ್ತದ ಬಿಡ್ರಿ."

ಕೆಲಸದಲ್ಲಂತೂ ಅವರ ಕಾಟ ಹೇಳತೀರದು. ಒಂದು ಜಾಗದ ನಾಲ್ಕು ದಿಕ್ಕಿನ ಎಲ್ಲೆಗೆ ನಾವು ಚಕ್ಕುಬಂದಿ ಅನ್ನುತ್ತೇವೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಹೀಗೆ. ಬೇರೆಯವರು ಹಳೆಯ ಪತ್ರ ನೋಡಿ ನಕಲು ಇಳಿಸುತ್ತಿದ್ದರು. ತಾತ ಪತ್ರ ಬರೆಸುವ ಪಾರ್ಟಿಯನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ಹೊಲದಾಗ ನಿಂತೀ ಅಂತ ತಿಳ್ಕ. ಸೂರ್ಯಾ ಹುಟ್ಟೋ ಕಡೆ ಮುಖ ಮಾಡು. ಎದುರಿಗಿ ಏನು ಕಾಣ್ತದ?" ಅಂತ ಕೇಳುತ್ತಿದ್ದರು. ಬರೆದದ್ದನ್ನು ಮೂರು ಸಲ ಓದಿ ಹೇಳುತ್ತಿದ್ದರು. ಇನ್ನೊಂದು ಕಡೆಯವರು ಬಂದು ಎದುರಿಗೆ ಕೂರುವ ಮೊದಲು ಯಾರಿಗೂ ಸಹಿ ಹಾಕಲು ಬಿಡುತ್ತಿರಲಿಲ್ಲ. "ಬಸ್ಸಿಗೆ ಹೊತ್ತಾಯ್ತು, ಸಹಿ ಮಾಡಿ ಹೋಗ್ತೀನ್ರಿ" ಅಂದವರಿಗೆ ಒಂದೇ ಉತ್ತರ: "ಬಸ್ಸು ಇನ್ನೊಂದು ಬರ್ತದಪ್ಪ. ಬರದದ್ದು ಮತ್ತ ಹಿಂದಕ್ಕ ಬರಂಗಿಲ್ಲ."

ನನ್ನ ಕಣ್ಣು ತೆರೆಸಿದ್ದು ಮಡಕಶಿರಾದ ಸಂಗತಿ. ನಮ್ಮಪ್ಪ ಹೋದ ಮೇಲೆ ನನ್ನ ಇಬ್ಬರು ಅಣ್ಣಂದಿರು ಪಾಲುಪತ್ರ ಮಾಡಿಸಲು ನಿಂತರು. ನನಗೂ ಹಿಪ್ಪುನೇರಳೆ ತೋಟದ ಹಿಂದಿನ ತುಂಡು ಕೊಡುವ ಮಾತಾಗಿತ್ತು. ಬಂದು ಸಹಿ ಹಾಕಿ ಹೋಗು ಅಂತ ಫೋನ್ ಬಂತು. ತಾತನಿಗೆ ರಜೆ ಕೇಳಿದರೆ, "ಕರಡು ಓದಿದ್ಯಾ?" ಅಂದರು. "ನಮ್ಮಣ್ಣದೀರು ತಾತ, ಅವರೇನು ಮೋಸ ಮಾಡ್ತಾರಾ?" ಅಂತ ನಾನು ಸಿಡುಕಿದೆ. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದರೆ ಕೊಡೆ ಹಿಡಿದು ತಾತ ನಿಂತಿದ್ದಾರೆ. "ಮಡಕಶಿರಾ ನೋಡಿ ಬಾಳ ದಿನ ಆತು" ಅಂದರು. ಆ ವಯಸ್ಸಿನಲ್ಲಿ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿಕೊಂಡು, ಅಷ್ಟು ದೂರ ಬಂದರು.

ಮಡಕಶಿರಾ ಆಫೀಸಿನ ಮುಂದಿನ ಬೇವಿನ ಮರದ ಕೆಳಗೆ ನಿಂತು ಪತ್ರ ಇಸಕೊಂಡು ಓದಿದರು. ಎರಡನೆಯ ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಯವ್ವಾ, ನಾಲ್ಕೂ ಕಡಿ ಅಣ್ತಮ್ಮರ ಹೊಲ ಐತಿ. ದಾರಿ ಬರದಿಲ್ಲ. ನಿನ್ನ ಹೊಲಕ್ಕ ನೀನು ಮ್ಯಾಲಿಂದ ಇಳಿತೀಯೇನು?"

ನಿಂತವರೆಲ್ಲ ಗೊಳ್ಳೆಂದು ನಕ್ಕರು. ನನ್ನ ದೊಡ್ಡಣ್ಣನ ಮುಖ ಕೆಂಪಾಯಿತು. "ಓಡಾಡ್ಬ್ಯಾಡ ಅಂದಿದ್ವಾ ಸ್ವಾಮಿ ನಾವು? ತಂಗಿ ಅಲ್ವಾ? ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಬಾಯಿ ಇರೋತನ ಸಾಕಪ್ಪ. ನಿಮ್ಮ ಮಕ್ಕಳ ಕಾಲಕ್ಕ ಈ ಬಾಯಿ ಇರಂಗಿಲ್ಲ, ಕಾಗದ ಇರ್ತದ. ಕಾಗದಕ್ಕ ನೀವು ಒಳ್ಳೇರು ಅನ್ನೋದು ಗೊತ್ತಾಗಂಗಿಲ್ಲ."

ಅಣ್ಣನೂ ಕೆಟ್ಟವನಲ್ಲ, ಬರೆಸುವಾಗ ಹೊಳೆದಿರಲಿಲ್ಲ ಅಷ್ಟೆ. ಬಂಡಿ ಹೋಗುವಷ್ಟು ದಾರಿ ಬಿಟ್ಟು ಮತ್ತೆ ಬರೆಸಿದರು. ಇವತ್ತು ನನಗೆ ತವರಿನಲ್ಲಿ ಹೆಜ್ಜೆಯಿಡಲು ಜಾಗವಿದೆ ಅಂದರೆ ಅದು ತಾತನ ಬಾಯಿಂದ ಬಂದದ್ದು. ಆದರೆ ಅವತ್ತು ಎಲ್ಲರೂ ನಕ್ಕಾಗ ತಾತ ನಗಲಿಲ್ಲ. "ಮ್ಯಾಲಿಂದ ಇಳಿತೀಯೇನು" ಅಂದವರೇ, ಆಡಬಾರದ ಮಾತಾಡಿದ ಹಾಗೆ ತಲೆಯೆತ್ತಿ ಒಮ್ಮೆ ಆಕಾಶ ನೋಡಿದರು. 

ವಾಪಸ್ ಬರುವಾಗ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಲ್ಲಿನ ಬೆಂಚಿನ ಮೇಲೆ ಕೂತಿದ್ದೆವು. ಕಂಡಕ್ಟರೊಬ್ಬ "ದುರ್ಗಂ, ದುರ್ಗಂ, ದುರ್ಗಂ" ಅಂತ ಕೂಗುತ್ತಿದ್ದ. ತಾತನ ತುಟಿ ಅಲ್ಲಾಡಿತು. ನನಗೆ ತಡೆಯಲಾಗಲಿಲ್ಲ. "ಯಾವ ದುರ್ಗ ಆದ್ರೇನು ತಾತ? ಜೀವ ಹೋಗೋ ಹಂಗೆ ಯಾಕೆ ಮಾಡ್ತೀರ?" ಅಂದುಬಿಟ್ಟೆ.

"ಜೀವ ಅಲ್ಲವ್ವಾ, ಒಬ್ಬರ ಆಸೆ ಹೋತು" ಅಂದರು. ಆಮೇಲೆ ಹೇಳಿದರು.

ಅವರಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಬರಹದ ಕೆಲಸಕ್ಕೆ ಹೊಸಬರು. ಬೆಳುಗುಪ್ಪ ದಾರಿಯ ಹೊಸಹಳ್ಳಿಗೆ ಒಂದು ಪಾಲುಪತ್ರ ಬರೆಯಲು ಹೋಗಿದ್ದರು. ಬೇಸಿಗೆ, ಮಟಮಟ ಮಧ್ಯಾಹ್ನ. ಹೊಲದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹೊಡೆಯುತ್ತಿದ್ದವು. ಅವುಗಳ ಜೊತೆಗೇ ಒಂದು ಬಿಳಿಯದು ಸುತ್ತುತ್ತಿತ್ತು. ಸುತ್ತುತ್ತ ಸುತ್ತುತ್ತ ಕೆಳಗೆ ಬಂತು. ಉದ್ದನೆಯ ರೆಕ್ಕೆಯ ವಿಮಾನ. ಸದ್ದೇ ಇಲ್ಲ.

"ಅದಕ್ಕ ಇಂಜಿನ್ನಾ ಇಲ್ಲವ್ವಾ. ನೆಲ ಕಾದು ಬಿಸಿಗಾಳಿ ಮ್ಯಾಲಕ್ಕ ಏಳ್ತದಲ್ಲ, ಅದನ್ನ ಹಿಡಕೊಂಡು ಹದ್ದಿನಂಗ ಏರಬೇಕು. ಗಾಳಿ ಸಿಗೋತನ ಹೋಗಬೇಕು, ಸಿಗಲಿಲ್ಲ ಅಂದ್ರ ಎಲ್ಲಿ ಹೊಲ ಕಾಣ್ತದೋ ಅಲ್ಲಿ ಇಳೀಬೇಕು. ಅದಕ್ಕ ಗ್ಲೈಡರ್ ಅಂತಾರ."

ಕಡಲೆಕಾಯಿ ಕಿತ್ತ ಖಾಲಿ ಹೊಲಕ್ಕೆ ಅದು ಬಂದು ಕೂತಿತು. ಒಳಗಿಂದ ಇವರ ವಯಸ್ಸಿನವನೇ ಒಬ್ಬ ಇಳಿದ. ಬೆಂಗಳೂರು ಕಡೆಯಿಂದ ಹಾರಿ ಬಂದವನು, ಆಡುವುದು ಹಿಂದಿ. ಜನ ನೀರು ಕೊಟ್ಟರು, ಕಂಬಳಿ ಹಾಸಿದರು. ಅವನು ಜೇಬಿನಿಂದ ಅಚ್ಚು ಹಾಕಿದ ಒಂದು ಫಾರಂ ತೆಗೆದ. ಊರಿನ ಸಾಬರೊಬ್ಬರು ಅವನ ಮಾತನ್ನು ಕನ್ನಡಕ್ಕೆ ತಂದರು: ಇಲ್ಲಿ ಇಳಿದೆ ಅಂತ ಇಬ್ಬರು ಸಾಕ್ಷಿ ಸಹಿ ಬೇಕು, ಜಾಗದ ಹೆಸರು ಬರೆಯಬೇಕು, ಬರೆಯುವವರು ತನ್ನ ಕಡೆಯವರಾಗಿರಬಾರದು. ವಿಮಾನದೊಳಗೆ ಒಂದು ಡಬ್ಬಿ ಇತ್ತು, ಅದು ಎಷ್ಟು ಎತ್ತರಕ್ಕೆ ಏರಿದ ಅಂತ ಮಾತ್ರ ಗೀಚುತ್ತಿತ್ತು. ಎಲ್ಲಿ ಇಳಿದ ಅಂತ ಹೇಳಬೇಕಾದ್ದು ಮನುಷ್ಯರೇ.

"ಊರಿಗೆಲ್ಲಾ ನಾನೊಬ್ಬನಾ ಬರಿಯಾಂವ. ಎಂಥಾ ಜಂಬ ಅಂತೀ! ಇದ್ದಬಿದ್ದ ಅಂದದ ಅಕ್ಷರಾ ಎಲ್ಲಾ ತಗದು ಕನ್ನಡದಾಗ ಬರದೆ. ಹೊಲದ ಯಜಮಾನಂದು ಹೆಬ್ಬೆಟ್ಟು. ಅದಾ ನಾನು ಹಿಡದ ಮೊದಲನೇ ಹೆಬ್ಬೆಟ್ಟು. ಪಾಪ, ಆ ಹುಡುಗ ನನ್ನ ಅಕ್ಷರ ನೋಡಿ ಭುಜ ತಟ್ಟಿದ. ಓದಾಕ ಬರ್ತಿದ್ದಿಲ್ಲ ಅವಂಗ."

"ಏನಂತ ಬರೆದ್ರಿ ತಾತ?"

"ಹೊಸಹಳ್ಳಿ, ದುರ್ಗ."

ಬಸ್ಸಿನ ಹೊಗೆ ನಮ್ಮ ಮುಖಕ್ಕೇ ಬರುತ್ತಿತ್ತು. ತಾತ ಎದ್ದು ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಲಕೋಟೆ ಬಂತಂತೆ. ಇಂಗ್ಲಿಷ್ ಕಾಗದ. ಹೈಸ್ಕೂಲ್ ಹೆಡ್ಮಾಸ್ಟರು ಓದಿ ಹೇಳಿದರು. ಹೊರದೇಶದಲ್ಲಿ ನಡೆಯುವ ಗ್ಲೈಡರ್ ಪಂದ್ಯಕ್ಕೆ ಹೆಸರು ಕಳಿಸಬೇಕಾದರೆ ಒಂದೇ ಹಾರಾಟದಲ್ಲಿ ಇಷ್ಟು ದೂರ ಹೋಗಿರಬೇಕು ಅಂತ ಅವರ ಕ್ಲಬ್ಬಿನ ಕಟ್ಟಳೆ. ಬೆಂಗಳೂರಿನಲ್ಲಿ ಫಾರಂ ಓದಿದವರು ದುರ್ಗ ಅಂದರೆ ಚಿತ್ರದುರ್ಗ ಅಂತಲೇ ತಿಳಿದರು, ಅಲ್ಲಿಯವರಿಗೆ ಬೇರೆ ದುರ್ಗ ಯಾವುದು? ಹೊಸಹಳ್ಳಿಯಂತೂ ಎಲ್ಲಾ ತಾಲ್ಲೂಕಿನಲ್ಲೂ ಇದೆ. ಚಿತ್ರದುರ್ಗದ ಲೆಕ್ಕಕ್ಕೆ ದೂರ ಸ್ವಲ್ಪ ಕಡಿಮೆ ಬಿತ್ತು. ರಾಯದುರ್ಗ ಅಂತಿದ್ದರೆ ದಾಟುತ್ತಿತ್ತು. ಅವನು ಎಷ್ಟು ಹೇಳಿದರೂ, ಅವನನ್ನು ಕರೆದೊಯ್ಯಲು ಬಂದ ಗೆಳೆಯರು ಹೇಳಿದರೂ, ಸಾಕ್ಷಿಯ ಕಾಗದದಲ್ಲಿ ಹೀಗಿದೆ ಅಂದರು. ದಯವಿಟ್ಟು ಇಂಥ ದಿನದೊಳಗೆ ಸರಿಪಡಿಸಿ ಬರೆದು ಕಳಿಸಿ ಅಂತ ಅವನು ಬೇಡಿಕೊಂಡಿದ್ದ.

"ಕಳಿಸಿದ್ರಾ?"

"ಆ ಲಕೋಟಿ ಮ್ಯಾಲ ವಿಳಾಸ ಕ್ಲಬ್ಬಿನವರು ಏನು ಬರದಿದ್ರು ಗೊತ್ತೇನು? ನಾನು ಫಾರಂನಾಗ ಬರದದ್ದಾ. ನನ್ನ ಹೆಸರು, ಹೊಸಹಳ್ಳಿ, ದುರ್ಗ. ಅದು ಮೊದಲು ಚಿತ್ರದುರ್ಗಕ್ಕ ಹೋಗಿ, ಅಲ್ಲಿ ಹೊಸಹಳ್ಳಿ ಎಲ್ಲಾ ತಿರುಗಿ, ನನ್ನ ಕೈಗೆ ಬಂದಾಗ ದಿನ ಮುಗದು ಎರಡು ವಾರ ಆಗಿತ್ತು."

ಆದರೂ ಅವತ್ತೇ ಕಳಿಸಿದರಂತೆ. ಒಂದು ಮಗ್ಗುಲಿಗೆ ಹೆಡ್ಮಾಸ್ಟರ ಕೈಯಲ್ಲಿ ಇಂಗ್ಲಿಷ್ ತಿದ್ದುಪಡಿ, ಹಿಂದಿನ ಮಗ್ಗುಲಿಗೆ ಇವರೇ ಕನ್ನಡದಲ್ಲಿ ನಾಲ್ಕು ಸಾಲು. ಉತ್ತರ ಬರಲಿಲ್ಲ. ಮುಟ್ಟಿತೋ ಇಲ್ಲವೋ ಅದೂ ತಿಳಿಯಲಿಲ್ಲ. ಇಷ್ಟು ಹೇಳಿ ತಾತ ಕೊಡೆಯ ಹಿಡಿಕೆಯ ಮೇಲಿನ ಪಟ್ಟಿಯನ್ನು ಬೆರಳಿಂದ ಸವರುತ್ತ ಕೂತರು. ನಾನು ಅಷ್ಟು ವರ್ಷ ಆಡಿಕೊಂಡು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು.

ಅದಾದ ಮೇಲೆ ಒಂದು ದಿನ ತಾವಾಗಿಯೇ ಪೆಟ್ಟಿಗೆ ತೆಗೆದು ಒಂದು ದಪ್ಪ ನೋಟ್‌ಬುಕ್ಕು ನನ್ನ ಮೇಜಿನ ಮೇಲಿಟ್ಟರು. ಗ್ಲೈಡರ್ ವಿಶ್ವ ಪಂದ್ಯಗಳ ಚರಿತ್ರೆ, ಮೊದಲಿನಿಂದ. ಪೇಪರಿನ ತುಣುಕು, ಲೈಬ್ರರಿ ಪುಸ್ತಕ, ಬಳ್ಳಾರಿಗೆ ಹೋದಾಗ ರದ್ದಿಯಲ್ಲಿ ಸಿಕ್ಕ ಪತ್ರಿಕೆ, ಏನೇನೋ ಹೆಕ್ಕಿ ಬರೆದದ್ದು. ಭಾಷೆ ಮಾತ್ರ ದಸ್ತಾವೇಜಿನದು. "ಸದರಿ ಪಂದ್ಯವು ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನಿ ದೇಶದ ಒಂದು ಬೋಳುಗುಡ್ಡದ ಮೇಲೆ ಮೊದಲಾಗಿರುತ್ತದೆ. ಸದರಿ ಗುಡ್ಡಕ್ಕೆ ಚಕ್ಕುಬಂದಿ: ಪೂರ್ವ, ಪಶ್ಚಿಮ, ದಕ್ಷಿಣಕ್ಕೆ ಹುಲ್ಲುಗಾವಲು. ಉತ್ತರಕ್ಕೆ ವಿವರ ದೊರೆತಿರುವುದಿಲ್ಲ." ಓದಿ ನಗು ತಡೆಯಲಾಗಲಿಲ್ಲ. ತಾತನೂ ಸ್ವಲ್ಪ ನಕ್ಕರು.

ಒಂದನೆಯ ಯುದ್ಧದಲ್ಲಿ ಸೋತ ಜರ್ಮನಿಯವರಿಗೆ ಇಂಜಿನ್ ವಿಮಾನ ಕಟ್ಟಲು ಅಡ್ಡಿಯಿತ್ತಂತೆ. ಅಲ್ಲಿಯ ಹುಡುಗರು ಮರ, ಬಟ್ಟೆ ಕಟ್ಟಿಕೊಂಡು ಗುಡ್ಡದ ಮೇಲಿಂದ ಹಾರಿ ಹಾರಿ ಕಲಿತರು. ಆಮೇಲೆ ಬೇರೆ ದೇಶದವರನ್ನು ಕರೆದು ಪಂದ್ಯ ಇಟ್ಟರು. ಮತ್ತೆ ಯುದ್ಧ ಬಂತು, ಪಂದ್ಯ ನಿಂತಿತು. ಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವೆ ಮತ್ತೆ ಶುರುವಾಯಿತು. ಅಲ್ಲಿಂದಾಚೆ ಯೂರೋಪಿನ ಹಲವು ದೇಶ, ದೂರದ ಅರ್ಜೆಂಟೀನಾ, ಆಸ್ಟ್ರೇಲಿಯಾ. ಮೊದಲೆಲ್ಲ ಯಾರು ಅತಿ ದೂರ ಹೋಗಿ ಬೀಳುತ್ತಾರೋ ಅವರದೇ ಗೆಲುವಿನ ದಿನಗಳಿದ್ದವು. ರೈತರ ಹೊಲದಲ್ಲಿ ಇಳಿದು, ಸ್ಥಳದವರ ಸಹಿ ತರಬೇಕು. ಬರಬರುತ್ತ ಗೊತ್ತುಮಾಡಿದ ಗುರುತುಗಳನ್ನು ಸುತ್ತಿ ಹೊರಟ ಜಾಗಕ್ಕೇ ಬೇಗ ಮರಳಬೇಕು ಅಂತಾಯಿತು. ಸಾಕ್ಷಿಗೆ ಕ್ಯಾಮೆರಾ ಬಂತು, ಆಮೇಲೆ ಉಪಗ್ರಹ ನೋಡಿ ಬರೆದುಕೊಳ್ಳುವ ಪೆಟ್ಟಿಗೆ. ಹೆಂಗಸರಿಗೇ ಬೇರೆ ಪಂದ್ಯ ಆದದ್ದನ್ನು ತಾತ ಕೆಂಪು ಇಂಕಿನಲ್ಲಿ ಬರೆದಿದ್ದರು. ಪಂದ್ಯದಲ್ಲಿ ಸತ್ತವರ ಸುದ್ದಿ ಸಿಕ್ಕ ಕಡೆ ಒಂದು ಸಾಲು ಖಾಲಿ ಬಿಟ್ಟಿದ್ದರು.

ಹೊಸಹಳ್ಳಿಯಲ್ಲಿ ವಿಮಾನ ಇಳಿದ ವರ್ಷದಿಂದಾಚೆ ಪ್ರತಿ ಪಂದ್ಯದ ಕೊನೆಗೆ ಎರಡೇ ಪದ ಇದ್ದವು. "ಹೆಸರು ಇಲ್ಲ." ಪುಟ ತಿರುವಿದೆ. "ಹೆಸರು ಇಲ್ಲ." ಇನ್ನೊಂದು. "ಹೆಸರು ಇಲ್ಲ." ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಈ ಮನುಷ್ಯ ಚರಿತ್ರೆ ಬರೆದದ್ದಲ್ಲ, ಒಂದು ಹೆಸರು ಹುಡುಕಿದ್ದು. ಆ ವರ್ಷ ತಪ್ಪಿದರೂ ಇನ್ನೊಂದು ವರ್ಷ ಆ ಹಾರುವ ಹುಡುಗ ಹೋಗಿರಬಹುದು ಅಂತ ಆಸೆ. ನಾನು ಕಣ್ಣೀರು ಹಾಕುವವಳಲ್ಲ, ಅವತ್ತು ಹಾಕಿದೆ.

ಆಮೇಲಿನ ಬೇಸಿಗೆಗಳಲ್ಲಿ ನನ್ನ ಫೋನಿನಲ್ಲಿ ಅವರಿಗೆ ಪಂದ್ಯ ತೋರಿಸತೊಡಗಿದೆ. ಈಗ ಅದು ನಡೆಯುವಾಗಲೇ ನೋಡಬಹುದು; ನಕ್ಷೆಯ ಮೇಲೆ ಬಣ್ಣದ ಚುಕ್ಕಿಗಳು, ಒಂದೊಂದು ಚುಕ್ಕಿ ಒಂದೊಂದು ಗ್ಲೈಡರ್. ಮಧ್ಯಾಹ್ನ ಪಾರ್ಟಿಗಳಿಲ್ಲದ ಹೊತ್ತಿನಲ್ಲಿ ಇಂಕ್ ಪ್ಯಾಡಿಗೆ ಫೋನ್ ಆನಿಸಿಟ್ಟು ನೋಡುತ್ತಿದ್ದರು. ಒಂದು ಚುಕ್ಕಿ ನಿಂತುಬಿಟ್ಟರೆ, "ಇಳದ ನೋಡವ್ವಾ. ಯಾರ ಹೊಲಾನೋ ಏನೋ" ಅನ್ನುತ್ತಿದ್ದರು. ಒಮ್ಮೆ ತುಂಬ ಹೊತ್ತು ನೋಡಿ, "ಈಗ ಸಾಕ್ಷಿ ಬ್ಯಾಡ ಇವರಿಗೆ" ಅಂದರು. "ಆವಾಗ ಈ ಪೆಟ್ಟಿಗಿ ಇದ್ದಿದ್ರ ಅವ ನನ್ನ ಕೈಗೆ ಸಿಗ್ತಿದ್ದಿಲ್ಲ."

ಹೋದ ವರ್ಷದ ಆಚೆ ವರ್ಷ ಅವರ ಕೈ ನಡುಗಲು ಶುರುವಾಯಿತು. ಒಂದು ಬೆಳಿಗ್ಗೆ ಬಂದವರೇ, "ಊರವರಿಗೆಲ್ಲಾ ತಿದ್ದುಪಡಿ ಪತ್ರ ಬರದೆ, ನಂದೊಂದು ಬಾಕಿ ಉಳೀತವ್ವಾ" ಅಂದರು. ಪತ್ರದಲ್ಲಿ ತಪ್ಪು ನುಸುಳಿದ್ದರೆ ಎರಡೂ ಕಡೆಯವರು ಸೇರಿ ಮತ್ತೊಂದು ಪತ್ರ ಮಾಡಿ ಸರಿಮಾಡುವುದು, ಅದೇ ತಿದ್ದುಪಡಿ. "ಜಾಗ ನೋಡದಾ ಚಕ್ಕುಬಂದಿ ಬರಿಯಂಗಿಲ್ಲ, ನಡಿ" ಅಂತ ನನ್ನ ಸ್ಕೂಟಿಯ ಹಿಂದೆ ಕೂತೇಬಿಟ್ಟರು. ದಾರಿಯುದ್ದಕ್ಕೂ ನಿಧಾನವಾಗಿ ಓಡಿಸಿದೆ. ಎಂಬತ್ತು ದಾಟಿದ ಜೀವ, ಒಂದು ಕೈಯಲ್ಲಿ ಕೊಡೆ ಬೇರೆ.

ಹೊಸಹಳ್ಳಿಯ ಹೊಲದ ಬದಿಗೆ ಈಗ ಗಾಳಿ ಫ್ಯಾನುಗಳು ಬಂದಿವೆ, ಕರೆಂಟು ಮಾಡುವ ದೊಡ್ಡ ರೆಕ್ಕೆಯವು. ನಾವು ಬದುವಿನ ಮೇಲೆ ನಿಂತು ಕೈಮಾಡಿ ತೋರಿಸಿಕೊಂಡು ಮಾತಾಡುವುದು ಕಂಡು ಹೊಲದವನು ಓಡಿ ಬಂದ.

"ಅಳತಿಗೆ ಬಂದೀರೇನ್ರಿ? ನಾವು ಕಂಪನಿಗೆ ಕೊಡಂಗಿಲ್ಲ, ಮೊದಲಾ ಹೇಳೀವಿ."

"ನಿನ್ನ ಹೊಲ ಯಾರೂ ತಗಳಂಗಿಲ್ಲಪ್ಪ. ಇಲ್ಲೊಂದು ವಿಮಾನ ಇಳದಿತ್ತು. ಅದರ ಚಕ್ಕುಬಂದಿ ಬರಕಳಾಕ ಬಂದೀವಿ."

ಅವನು ನನ್ನ ಮುಖ ನೋಡಿದ, ಮುದುಕನಿಗೆ ಸರಿಯಿದೆಯಾ ಅನ್ನುವ ಹಾಗೆ. ಆಮೇಲೆ ಇದ್ದಕ್ಕಿದ್ದಂತೆ, "ಸದ್ದಿಲ್ಲದ ವಿಮಾನಾ ಏನ್ರಿ? ನಮ್ಮ ತಾತ ಹೆಬ್ಬೆಟ್ಟು ಒತ್ತಿದ್ದನಂತಲ್ರಿ ಅದಕ್ಕ!" ಅಂದ. ತಾತ ಅವನ ಎಡಗೈ ಹಿಡಿದುಕೊಂಡು ಹೆಬ್ಬೆಟ್ಟನ್ನು ತಿರುಗಿಸಿ ನೋಡಿದರು. ಪೂರ್ವಕ್ಕೆ ಫ್ಯಾನಿಗೆ ಹೋಗುವ ಮಣ್ಣುರಸ್ತೆ, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಅವನ ಚಿಕ್ಕಪ್ಪನ ಹೊಲ, ಉತ್ತರಕ್ಕೆ ಬಂಡೆ. ತಾತ ಹೇಳಿದರು, ನಾನು ಬರೆದುಕೊಂಡೆ.

ಪತ್ರ ತಯಾರಾಯಿತು. ಆದರೆ ಆ ಹಾರುವವನನ್ನು ಹುಡುಕುವುದು ಎಲ್ಲಿ? ಅವನ ಹೆಸರು ತಾತನಿಗೆ ಬಾಯಿಪಾಠ. ನೆಟ್ಟಿನಲ್ಲಿ ಸಿಕ್ಕ ಗ್ಲೈಡರ್ ಕ್ಲಬ್ಬುಗಳಿಗೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ. ಮೂರು ತಿಂಗಳಾದ ಮೇಲೆ ಒಬ್ಬ ಹಿರಿಯರಿಂದ ಉತ್ತರ ಬಂತು. ಓದಿ ಹೇಳಿದೆ. ಆತ ಹೊರದೇಶದ ಪಂದ್ಯಕ್ಕೆ ಹೋಗಲೇ ಇಲ್ಲ. ಆ ವರ್ಷ ತಪ್ಪಿತು, ಮುಂದೆ ಮತ್ತೆ ಅವಕಾಶ ಬರಲಿಲ್ಲ. ನೂರಾರು ಜನಕ್ಕೆ ಹಾರುವುದು ಕಲಿಸಿದರು. ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಮಗಳೊಬ್ಬಳಿದ್ದಾಳೆ, ವಿಳಾಸ ಇದು.

"ಹೋದನಾ" ಅಂದರು ತಾತ. ಇಂಕ್ ಪ್ಯಾಡಿನ ಮುಚ್ಚಳ ಮುಚ್ಚಿದರು. "ಎದುರು ಪಾರ್ಟಿ ಇಲ್ಲದ ತಿದ್ದುಪಡಿ ನಡಿಯಂಗಿಲ್ಲವ್ವಾ. ಬಿಟ್ಟುಬಿಡು."

ನನಗೆ ಸಿಟ್ಟು ನೆತ್ತಿಗೇರಿತು. "ಯಾಕೆ ಬಿಡಬೇಕು? ಪಾರ್ಟಿ ಇಲ್ಲದಿದ್ರೆ ವಾರಸುದಾರರು ಸಹಿ ಹಾಕ್ತಾರೆ ಅಂತ ನನಗೆ ಕಲಿಸಿದೋರು ಯಾರು? ಊರಿಗೊಂದು ಕಾನೂನು, ನಿಮಗೊಂದಾ?"

ತಾತ ಪ್ಯಾಡಿನ ಮುಚ್ಚಳ ಮತ್ತೆ ತೆಗೆದರು. "ಬರಿ" ಅಂದರು. ಎರಡು ಪ್ರತಿ ತೆಗೆದು, ಇಂಗ್ಲಿಷಿನಲ್ಲಿ ಅರ್ಥ ಬರೆದು, ಮಗಳ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ನೀವು ಮೊದಲು ಸಹಿ ಹಾಕಿಬಿಡಿ ತಾತ, ಅಂದೆ. ಕೇಳಲಿಲ್ಲ. "ಅವರದು ಬಂದ ಮ್ಯಾಲ. ಅವಸರಕ್ಕ ಮಾಡಿದ್ದು ಒಮ್ಮೆ ಸಾಕು." ಅವತ್ತು ನಾನು ಹಟ ಹಿಡಿಯಬೇಕಾಗಿತ್ತು. ಅದೊಂದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಒಂದು ಸೋಮವಾರ ತಾತ ಶೆಡ್ಡಿಗೆ ಬರಲಿಲ್ಲ. ಹೋಗಿ ನೋಡಿದರೆ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೂತವರು ಕೂತಲ್ಲೇ ಹೋಗಿದ್ದರು. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಓಣಿಯವರು, ಶೆಡ್ಡಿನವರು ಸೇರಿ ಎಲ್ಲ ಮಾಡಿದೆವು. ಸ್ನಾನ ಮಾಡಿಸಿದವರು ಬೆರಳು ಎಷ್ಟು ಉಜ್ಜಿದರೂ ಬಣ್ಣ ಹೋಗಲಿಲ್ಲ. "ಬಿಡ್ರಿ, ಇರಲಿ" ಅಂದೆ ನಾನು. ಹಾಗೇ ಮಣ್ಣಿಗೆ ಕೂರಿಸಿದರು. ನನ್ನಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನಕ್ಕೆ ಆ ಹಾರುವವನ ಮಗಳ ಲಕೋಟೆ ಬಂತು. ಪತ್ರದ ಎರಡೂ ಪ್ರತಿಗೆ ಸಹಿ ಹಾಕಿದ್ದಳು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಅಪ್ಪನ ಹಾರಾಟದ ಪುಸ್ತಕದಲ್ಲಿ ಆ ದಿನದ ಎದುರಿಗೆ ರಾಯದುರ್ಗ ಅಂತಲೇ ಇದೆ. ಅದೇ ಪುಟದಲ್ಲಿ ಒಂದು ಹಳೆಯ ಕಾಗದ ಮಡಚಿಟ್ಟಿದ್ದರು. ಒಂದು ಮಗ್ಗುಲು ಇಂಗ್ಲಿಷ್, ಹಿಂದಿನದು ದಕ್ಷಿಣದ ಯಾವುದೋ ಲಿಪಿ. ಅಪ್ಪನಿಗೂ ಓದಲು ಬರುತ್ತಿರಲಿಲ್ಲ, ಆದರೆ ಬಿಸಾಡಲು ಬಿಡುತ್ತಿರಲಿಲ್ಲ. ಇದರಲ್ಲಿ ಏನಿದೆ ನೀವು ಹೇಳಬಲ್ಲಿರಾ?

ಆ ಕಾಗದದ ಜೆರಾಕ್ಸ್ ಇಟ್ಟಿದ್ದಳು. ದುಂಡಗಿನ, ಜಂಬದ, ಇಪ್ಪತ್ತೆರಡರ ಅಕ್ಷರ. "ಅಣ್ಣಾ, ನೀವು ಇಳಿದದ್ದು ರಾಯದುರ್ಗದಲ್ಲಿ. ತಪ್ಪು ನಿಮ್ಮದಲ್ಲ, ಗಾಳಿಯದಲ್ಲ, ನನ್ನದು. ನಾನು ಬದುಕಿರುವ ತನಕ ಇನ್ನೊಬ್ಬರ ಜಾಗ ತಪ್ಪು ಬರೆಯುವುದಿಲ್ಲ. ನಿಮಗೆ ಇದು ಮುಟ್ಟಲಿ."

ಮುಟ್ಟಿತ್ತು ತಾತ. ಐವತ್ತು ವರ್ಷದ ಮೇಲಾಯಿತು ಮುಟ್ಟಿ.

ಆ ನಾಲ್ಕು ಸಾಲಿಗೆ ಇಂಗ್ಲಿಷ್ ಮಾಡಿ ಮಗಳಿಗೆ ಕಳಿಸಿದೆ. ಆಮೇಲೆ ಹೊಸಹಳ್ಳಿಯ ಹೊಲದವನಿಗೆ ಫೋನ್ ಮಾಡಿ ಕರೆಸಿದೆ, ಸಾಕ್ಷಿಗೆ. ಪತ್ರದಲ್ಲಿ ತಾತನ ಸಹಿಯ ಜಾಗ ಖಾಲಿ ಇತ್ತು. ಕಾನೂನಿನ ಪ್ರಕಾರ ನಾನು ಅವರಿಗೆ ಏನೂ ಅಲ್ಲ. ಈ ಪತ್ರವನ್ನು ಯಾವ ಆಫೀಸೂ ಕೇಳುವುದಿಲ್ಲ ಅನ್ನುವುದೂ ಗೊತ್ತು. ಅವರು ಮಾಡುತ್ತಿದ್ದ ಹಾಗೇ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದೆ. ಖಾಲಿ ಜಾಗದಲ್ಲಿ "ವಾರಸುದಾರಳು" ಅಂತ ಬರೆದು ನನ್ನ ಸಹಿ ಹಾಕಿದೆ.

ಹೊಲದವನಿಗೆ ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಡಿಗ್ರಿ ಓದಿದ ಹುಡುಗ.

"ನಮ್ಮ ತಾತ ಒತ್ತಿದ್ದನಲ್ರಿ ಅಕ್ಕಾರ, ನಾನೂ ಒತ್ತತೀನ್ರಿ" ಅಂತ ಎಡಗೈ ಮುಂದಕ್ಕೆ ಚಾಚಿದ. "ಎಲ್ಲಿ ಒತ್ತಲಿ? ದುರ್ಗ ಅಂತ ಐತಲ್ಲ, ಅಲ್ಲೇನು?"

"ಯಾವ ದುರ್ಗ?" ಅಂದೆ.

ಅವನು ಪತ್ರ ನೋಡಿ, "ರಾಯದುರ್ಗ" ಅಂದ. ಆಗ ಅವನ ಹೆಬ್ಬೆಟ್ಟನ್ನು ಮೂರು ಬೆರಳಲ್ಲಿ ಹಿಡಿದು, ಪ್ಯಾಡಿಗೆ ಒತ್ತಿ, ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಹೊರಳಿಸಿ ಎತ್ತಿದೆ. ನನ್ನ ಬೆರಳಿಗೂ ಬಣ್ಣ ಹತ್ತಿತು. ಮಧ್ಯಾಹ್ನ ಹಾಗೇ ಬುತ್ತಿ ಬಿಚ್ಚಿ ಉಂಡೆ.